ಗಣಕದಲ್ಲಿ ಸಂಗೀತಸಂಗ್ರಹದ ರೂಪಾಂತರ ಮತ್ತು ಮೂಲಪ್ರತಿಯ ರಕ್ಷಣೆ

1. ಪೀಠಿಕೆ

ಪ್ರತಿ ಮಾಡುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಸಾವಿರಕ್ಕೂ ಮಿಗಿಲಾದ ವರ್ಷಗಳ ಕನ್ನಡ ಸಾಹಿತ್ಯವು ನಮ್ಮ ಕೈಗೆ ಬಂದಿರುವುದು ಲಿಪಿಕಾರರ ಶ್ರಮದಿಂದ. ಓಲೆಗರಿಯ ಆಯುಷ್ಯ ಮಿತವಾದುದು. ಹುಳು, ಗೆದ್ದಲು, ತೇವ, ಬೆಂಕಿ ಇವು ಅದರ ಶತ್ರುಗಳು. ಒಂದು ಕಟ್ಟು ಶಿಥಿಲವಾಗುವ ಮೊದಲೇ ಅದರಲ್ಲಿದ್ದುದನ್ನು ಇನ್ನೊಂದು ಕಟ್ಟಿಗೆ ಇಳಿಸಿದಲ್ಲಿ ಮಾತ್ರ ಕೃತಿ ಉಳಿಯುತ್ತಿತ್ತು. ಶರಣರ ವಚನಗಳೂ ಹೀಗೆಯೇ ಉಳಿದುವು. ಫ. ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಅರಸಿ, ಕಲೆಹಾಕಿ, ಪರಿಶೋಧಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಹೊರತಂದುದು ನಮ್ಮೆಲ್ಲರಿಗೂ ವಿದಿತವಾದ ಸಂಗತಿಯೇ ಆಗಿದೆ. ಗ್ರಂಥಸಂಪಾದನೆಯ ಶಾಸ್ತ್ರವನ್ನು ಓದಿದವರು ಇನ್ನೊಂದು ಸತ್ಯವನ್ನೂ ಬಲ್ಲರು. ಮಾತೃಪ್ರತಿಯಲ್ಲಿ ಇದ್ದು, ಅದರಿಂದಿಳಿದ ಪ್ರತಿಯಲ್ಲಿ ಬಿಟ್ಟುಹೋದ ಪಾಠವನ್ನು ಆ ಇಳಿದ ಪ್ರತಿಯೊಂದರಿಂದಲೇ ಮರಳಿ ಪಡೆಯಲು ಸಾಧ್ಯವಿಲ್ಲ. ಅದನ್ನು ಎಷ್ಟು ದುಂಡಾದ ಅಕ್ಷರಗಳಲ್ಲಿ, ಎಷ್ಟು ದೊಡ್ಡ ಹಾಳೆಯ ಮೇಲೆ ಮತ್ತೆ ಬರೆದರೂ ಗ್ರಂಥಪಾತವು ಗ್ರಂಥಪಾತವಾಗಿಯೇ ಉಳಿಯುತ್ತದೆ.

ಇಂದು ಅಕ್ಷರಕ್ಕೆ ಬಂದ ಈ ಪ್ರಸಂಗವೇ ನಾದಕ್ಕೂ ಬಂದಿದೆ. ಮಠಗಳಲ್ಲಿ, ಶಾಲೆಗಳಲ್ಲಿ, ಸಂಗೀತಾಭಿಮಾನಿಗಳ ಮನೆಗಳಲ್ಲಿ ವಚನಗಾಯನ, ಗಮಕ, ಪ್ರವಚನ, ಭಜನೆಗಳ ಧ್ವನಿಮುದ್ರಣಗಳು ಬಗೆಬಗೆಯ ರೂಪದಲ್ಲಿ ಸಂಗ್ರಹವಾಗಿವೆ. ಕೆಲವು ಕ್ಯಾಸೆಟ್ಟಿನಲ್ಲಿ, ಕೆಲವು ಅಡಕ ತಟ್ಟೆಯಲ್ಲಿ, ಅನೇಕವು ಗಣಕದ ಕಡತಗಳಲ್ಲಿ ಇವೆ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಇವುಗಳನ್ನು ಮಾರ್ಪಡಿಸುವುದು ಈಗ ಎಳೆಯರಿಗೂ ಸುಲಭಸಾಧ್ಯ. ಸುಲಭವಾದುದರಿಂದಲೇ ವಿಚಾರವಿಲ್ಲದೆ ಮಾಡುವುದೂ ಹೆಚ್ಚಾಗಿದೆ. ಈ ರೂಪಾಂತರದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ, ಸಂಗ್ರಹವನ್ನು ಕಾಯುವವರು ಪಾಲಿಸಬೇಕಾದ ಕ್ರಮವೇನು ಎಂಬುದನ್ನು ಯಥಾಮತಿಯಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ವ್ಯಾಕರಣ ಪಂಡಿತನಿಗೆ ಯಂತ್ರಶಾಸ್ತ್ರದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ತಪ್ಪು ಮಾಡಿ ಕಲಿತವನ ಅಧಿಕಾರವಷ್ಟೇ ನನ್ನದು. ಆ ವೃತ್ತಾಂತವನ್ನು ಮುಂದೆ ನಿವೇದಿಸುವೆನು.

2. ನಾದವು ಸಂಖ್ಯೆಯಾಗುವ ಬಗೆ

ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ, ಜೀವನ ಇಚ್ಛೆಯಿಂದಲೂ ಅನುಕೂಲವಾದ ವಾಯುವಿನಿಂದಲೂ ನಾಭಿಮೂಲದಲ್ಲಿ ಕಹಳೆಯ ಆಕಾರವಾಗಿ ಶಬ್ದದ್ರವ್ಯವು ಹುಟ್ಟುವುದೆಂದು ಹೇಳಿದ್ದಾನೆ. ಆಧುನಿಕ ಭೌತವಿಜ್ಞಾನವು ಶಬ್ದವನ್ನು ವಾಯುವಿನ ಒತ್ತಡದ ಏರಿಳಿತವೆಂದು ಕಾಣುತ್ತದೆ. ಧ್ವನಿಗ್ರಾಹಕವು ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಗಣಕವು ಆ ವಿದ್ಯುತ್ತನ್ನು ಗೊತ್ತಾದ ಕಾಲಾಂತರದಲ್ಲಿ ಮತ್ತೆ ಮತ್ತೆ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಇಂಥ ಒಂದೊಂದು ಅಳತೆಗೆ 'ಮಾದರಿ' ಎಂದು ಹೆಸರು.

1982ರಲ್ಲಿ ಮಾರುಕಟ್ಟೆಗೆ ಬಂದ ಅಡಕ ತಟ್ಟೆಯಲ್ಲಿ, ಅಂದರೆ ಸಿ.ಡಿ.ಯಲ್ಲಿ, ಒಂದು ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಪ್ರತಿ ಮಾದರಿಯನ್ನು 16 ಬಿಟ್‌ಗಳಲ್ಲಿ, ಎಂದರೆ 65,536 ಮೆಟ್ಟಿಲುಗಳ ಏಣಿಯೊಂದರಲ್ಲಿ ಇಂತಿಷ್ಟನೆಯ ಮೆಟ್ಟಿಲೆಂದು ಗುರುತಿಸಲಾಗುತ್ತದೆ. ಎಡಬಲ ಎರಡು ವಾಹಿನಿಗಳನ್ನು ಲೆಕ್ಕ ಹಿಡಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ. ಎಂಟು ಬಿಟ್‌ಗಳಿಗೆ ಒಂದು ಬೈಟಿನಂತೆ, ಒಂದು ಗಂಟೆಯ ಗಾಯನಕ್ಕೆ ಸುಮಾರು 635 ಮೆಗಾಬೈಟುಗಳ ಸ್ಥಳ ಬೇಕು.

ಇಲ್ಲಿ ನೆನಪಿಡಬೇಕಾದ ನಿಯಮವೊಂದಿದೆ. ಸೆಕೆಂಡಿಗೆ ಎಷ್ಟು ಮಾದರಿಗಳನ್ನು ತೆಗೆಯುತ್ತೇವೆಯೋ ಅದರ ಅರ್ಧದಷ್ಟು ಕಂಪನಸಂಖ್ಯೆಯವರೆಗಿನ ನಾದವನ್ನು ಮಾತ್ರ ಹಿಡಿದಿಡಲು ಬರುತ್ತದೆ. 44,100 ಮಾದರಿಗಳಾದರೆ 22,050 ಹರ್ಟ್ಸ್‌ವರೆಗೆ. ಮಾನವನ ಕಿವಿಯ ಮೇಲಣ ಎಲ್ಲೆ ಸುಮಾರು 20,000 ಆದಕಾರಣ ಇದು ಸಾಕಾಗುತ್ತದೆ. ಮಾದರಿಗಳನ್ನು 11,025ಕ್ಕೆ ಇಳಿಸಿದರೆ 5,512ಕ್ಕಿಂತ ಮೇಲಿನ ನಾದವೆಲ್ಲವೂ ಹೊರಗುಳಿಯುತ್ತದೆ. ಸ್ವರಾಕ್ಷರಗಳ ಪ್ರಧಾನ ನಾದವು ಈ ಎಲ್ಲೆಯ ಕೆಳಗೇ ಇರುವುದರಿಂದ ಮಾತು ಅರ್ಥವಾದೀತು. ಆದರೆ ಊಷ್ಮಾಕ್ಷರಗಳ, ವಿಶೇಷವಾಗಿ ಸಕಾರದ, ಸೀತ್ಕಾರವು ಬಹುಮಟ್ಟಿಗೆ ಇದಕ್ಕೂ ಮೇಲಿನ ನೆಲೆಯಲ್ಲಿದೆ. ಅದು ಹೋದ ಮೇಲೆ ಶ, ಷ, ಸ ಇವುಗಳ ಭೇದವನ್ನು ಕಿವಿ ಊಹಿಸಬೇಕೇ ಹೊರತು ಕೇಳಲಾರದು.

3. ಕಡತದ ಮೂರು ಬಗೆಗಳು

ಧ್ವನಿಯ ಕಡತಗಳಿಗೆ ಹೆಸರುಗಳು ಅನೇಕವಿದ್ದರೂ ಅವು ಮೂರೇ ವರ್ಗಗಳಲ್ಲಿ ಅಡಗುತ್ತವೆ.

ಮೊದಲನೆಯದು ಸಂಕೋಚವಿಲ್ಲದ ವರ್ಗ. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಸಂಸ್ಥೆಗಳು ರೂಪಿಸಿದ 'ವೇವ್' ಎಂಬ ನಮೂನೆಯು ಇದಕ್ಕೆ ಉದಾಹರಣೆ. ಅಳೆದ ಸಂಖ್ಯೆಗಳನ್ನು ಇದ್ದುದಿದ್ದಂತೆ ಸಾಲಾಗಿ ಇಡುವುದಷ್ಟೇ ಇದರ ಕೆಲಸ.

ಎರಡನೆಯದು ಏನನ್ನೂ ಕಳೆಯದೆ ಕುಗ್ಗಿಸುವ ವರ್ಗ. ಇದನ್ನು ಈ ಲೇಖನದಲ್ಲಿ 'ಅಲೋಪ' ವರ್ಗವೆಂದು ಕರೆಯುತ್ತೇನೆ. ಜೋಶ್ ಕೋಲ್ಸನ್ ಎಂಬವರು ರಚಿಸಿ 2001ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದ 'ಫ್ಲ್ಯಾಕ್' ಇದರಲ್ಲಿ ಪ್ರಸಿದ್ಧವಾದುದು. ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. 2024ರ ಡಿಸೆಂಬರಿನಲ್ಲಿ ಇದು ಅಂತರಜಾಲದ ಮಾನಕಗಳಲ್ಲಿ ಒಂದಾಗಿ ಪ್ರಕಟವಾಯಿತು. ಆಪಲ್ ಸಂಸ್ಥೆಯು 2004ರಲ್ಲಿ ತಂದು 2011ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ 'ಎಲ್ಯಾಕ್' ಎಂಬುದೂ ಇದೇ ಜಾತಿಯದು.

ಕಳೆಯದೆ ಕುಗ್ಗಿಸುವುದು ಹೇಗೆಂಬ ಸಂದೇಹಕ್ಕೆ ನಮ್ಮ ವ್ಯಾಕರಣದಲ್ಲಿಯೇ ದೃಷ್ಟಾಂತವಿದೆ. 'ಬೆಟ್ಟದ ತಾವರೆ' ಎಂಬುದು ಸಮಾಸವಾಗಿ 'ಬೆಟ್ಟದಾವರೆ' ಎಂದು ಕುಗ್ಗುತ್ತದೆ. ಸೂತ್ರವನ್ನು ಬಲ್ಲವನು ವಿಗ್ರಹವಾಕ್ಯವನ್ನು ಮಾಡಿ ಮೂಲಪದಗಳನ್ನು ಒಂದಕ್ಷರವೂ ತಪ್ಪದಂತೆ ಮರಳಿ ಪಡೆಯುತ್ತಾನೆ. ಫ್ಲ್ಯಾಕ್ ಕೂಡ ಇಂಥ ಸೂತ್ರವನ್ನೇ ಅನುಸರಿಸುತ್ತದೆ. ಹಿಂದಿನ ಕೆಲವು ಮಾದರಿಗಳನ್ನು ನೋಡಿ ಮುಂದಿನದು ಇಷ್ಟಿರಬಹುದೆಂದು ಅದು ಊಹಿಸುತ್ತದೆ. ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನು ಮಾತ್ರ ಬರೆದಿಡುತ್ತದೆ. ಆ ಅಂತರವು ಸಾಮಾನ್ಯವಾಗಿ ಸಣ್ಣ ಸಂಖ್ಯೆಯಾದುದರಿಂದ ಅಲ್ಪ ಸ್ಥಳ ಸಾಕಾಗುತ್ತದೆ. ಬಿಡಿಸುವಾಗ ಅದೇ ಊಹೆಯನ್ನು ಮಾಡಿ ಅಂತರವನ್ನು ಕೂಡಿಸಿದರೆ ಮೂಲಸಂಖ್ಯೆಯೇ ದೊರೆಯುತ್ತದೆ. ಇದರಿಂದ ಗಾತ್ರವು ಅನೇಕ ವೇಳೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಮೂರನೆಯದು 'ಸಲೋಪ' ವರ್ಗ. ಎಂಪಿ3, ಎ.ಎ.ಸಿ., ವೋರ್ಬಿಸ್, 2012ರಲ್ಲಿ ಮಾನಕವಾದ ಓಪಸ್ ಇವು ಇದರಲ್ಲಿ ಸೇರಿವೆ. ಜಾತ್ರೆಯಲ್ಲಿ ನಗಾರಿ ಮೊಳಗುವಾಗ ಪಕ್ಕದವನ ಪಿಸುಮಾತು ನಮಗೆ ಕೇಳಿಸದು. ಪ್ರಬಲವಾದ ನಾದವು ತನ್ನ ಸಮೀಪದ ದುರ್ಬಲ ನಾದವನ್ನು ಮರೆಮಾಡುತ್ತದೆ. ಹೀಗೆ ಕಿವಿಗೆ ಹೇಗೂ ಕೇಳಿಸದೆಂದು ಲೆಕ್ಕದಿಂದ ಕಂಡುಬಂದ ಭಾಗಗಳನ್ನು ಸ್ಥೂಲವಾಗಿ ಬರೆದು ಅಥವಾ ಕೈಬಿಟ್ಟು ಗಾತ್ರವನ್ನು ಬಹಳವಾಗಿ ಇಳಿಸುವುದೇ ಇದರ ತತ್ತ್ವ. ಸೆಕೆಂಡಿಗೆ 128 ಕಿಲೋಬಿಟ್ಟಿನ ಎಂಪಿ3 ಕಡತವು ಸಿ.ಡಿ.ಯ ಸುಮಾರು ಹನ್ನೊಂದನೆಯ ಒಂದು ಪಾಲಷ್ಟೇ ಇರುತ್ತದೆ. ಇದನ್ನು ಸಮಾಸಕ್ಕೆ ಹೋಲಿಸಲಾಗದು. ಕಾವ್ಯದ ಕಥಾಸಾರಕ್ಕೆ ಹೋಲಿಸಬೇಕು. ಸಾರವು ಎಷ್ಟೇ ಚೆನ್ನಾಗಿದ್ದರೂ ಅದರಿಂದ ಮೂಲದ ಪದ್ಯಗಳನ್ನು ಮರಳಿ ಪಡೆಯಲಾಗದು.

ಸಲೋಪ ವರ್ಗವನ್ನು ನಿಂದಿಸುವುದು ನನ್ನ ಅಭಿಪ್ರಾಯವಲ್ಲ. ಎಂಪಿ3 ನಮೂನೆಯು ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹಕಾರಿಗಳ ದೀರ್ಘಕಾಲದ ತಪಸ್ಸಿನ ಫಲ. 1993ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. 1995ರ ಜುಲೈ 14ರಂದು ಕಡತಗಳಿಗೆ ಆ ಹೆಸರು ನಿಶ್ಚಯವಾಯಿತು. ಅದರ ಪೇಟೆಂಟು ಪರವಾನಗಿಯ ವ್ಯವಸ್ಥೆ 2017ರಲ್ಲಿ ಕೊನೆಗೊಂಡುದರಿಂದ ಇಂದು ಅದೂ ಮುಕ್ತವಾಗಿದೆ. ಈ ಶೋಧನೆಯ ಪ್ರಮುಖರಲ್ಲಿ ಒಬ್ಬರಾದ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಅವರು ತಮ್ಮ ಪ್ರಯೋಗಕ್ಕೆ ಆಯ್ದುಕೊಂಡ ಧ್ವನಿಗಳಲ್ಲಿ ಅಮೆರಿಕದ ಗಾಯಕಿ ಸುಝಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ ಒಂದು ಗೀತೆಯಿತ್ತು. ವಾದ್ಯಮೇಳದಲ್ಲಿ ಅಡಗಿಹೋಗುವ ದೋಷವು ಒಂಟಿ ಕಂಠದಲ್ಲಿ ಬಯಲಾಗುತ್ತಿತ್ತು. ಆ ಕಂಠವು ಸರಿಯಾಗಿ ಕೇಳುವವರೆಗೂ ಅವರು ಸೂತ್ರವನ್ನು ತಿದ್ದಿದರು. ತಂಬೂರಿಯೊಂದರ ಆಶ್ರಯದಲ್ಲಿ ವಚನವನ್ನು ಹಾಡುವ, ಗಮಕವನ್ನು ವಾಚಿಸುವ ನಮ್ಮ ಪದ್ಧತಿಗೆ ಈ ಸಂಗತಿ ಅತ್ಯಂತ ಸಂಬದ್ಧವಾಗಿದೆ. ನಮ್ಮ ಸಂಗ್ರಹಗಳಲ್ಲಿ ಇರುವುದು ಬಹುಪಾಲು ಒಂಟಿ ಕಂಠವೇ.

4. ರೂಪಾಂತರದ ನಾಲ್ಕು ಸೂತ್ರಗಳು

ಮೇಲಿನ ವರ್ಗೀಕರಣದಿಂದ ನಾಲ್ಕು ಸೂತ್ರಗಳು ಸಿದ್ಧಿಸುತ್ತವೆ.

ಒಂದನೆಯದು: ಅಲೋಪದಿಂದ ಅಲೋಪಕ್ಕೆ ಮಾಡುವ ರೂಪಾಂತರವು ನಿರ್ದುಷ್ಟ. ವೇವನ್ನು ಫ್ಲ್ಯಾಕ್ ಮಾಡಿ, ಫ್ಲ್ಯಾಕನ್ನು ಎಲ್ಯಾಕ್ ಮಾಡಿ, ಮರಳಿ ವೇವ್ ಮಾಡಿದರೂ ಆದಿಯ ಸಂಖ್ಯೆಗಳೇ ಅಂತ್ಯದಲ್ಲಿಯೂ ಇರುತ್ತವೆ. ಮಾದರಿಗಳ ಪ್ರಮಾಣವನ್ನಾಗಲಿ ಬಿಟ್‌ಗಳ ಸಂಖ್ಯೆಯನ್ನಾಗಲಿ ಬದಲಿಸಬಾರದೆಂಬುದು ಮಾತ್ರ ಇಲ್ಲಿಯ ನಿಬಂಧನೆ.

ಎರಡನೆಯದು: ಅಲೋಪದಿಂದ ಸಲೋಪಕ್ಕೆ ಒಮ್ಮೆ ಮಾಡುವ ರೂಪಾಂತರವು ಗ್ರಾಹ್ಯ. ದೂರವಾಣಿಯಲ್ಲಿ, ವಾಹನದಲ್ಲಿ, ತರಗತಿಯಲ್ಲಿ ಕೇಳುವುದಕ್ಕೆ ಈ ಪ್ರತಿ ಸಾಕು. ಮೂಲವು ಬೇರೆ ಕಡೆ ಭದ್ರವಾಗಿರಬೇಕೆಂಬುದು ಇದಕ್ಕೆ ಆಧಾರ.

ಮೂರನೆಯದು: ಸಲೋಪದಿಂದ ಸಲೋಪಕ್ಕೆ ಮಾಡುವ ರೂಪಾಂತರವು ವರ್ಜ್ಯ. ಎಂಪಿ3ಯನ್ನು ಎ.ಎ.ಸಿ. ಮಾಡಿದಾಗ ಎರಡನೆಯ ಸೂತ್ರಕಾರನು ಮೊದಲನೆಯವನು ಬಿಟ್ಟುಹೋದ ತಪ್ಪುಗಳನ್ನೂ ಮೂಲವೆಂದೇ ಭಾವಿಸಿ, ತನ್ನ ಲೆಕ್ಕದಂತೆ ಇನ್ನಷ್ಟನ್ನು ಕಳೆಯುತ್ತಾನೆ. ಹೀಗೆ ತಲೆಮಾರಿಂದ ತಲೆಮಾರಿಗೆ ನಷ್ಟವು ಬೆಳೆಯುತ್ತದೆ. ತಾಳದ ಪೆಟ್ಟಿನ ಅಂಚು ಮಸುಕಾಗುತ್ತದೆ. ಪೆಟ್ಟಿಗೆ ಮೊದಲೇ ಅದರ ನೆರಳಿನಂಥ ಸದ್ದು ಕೇಳತೊಡಗುತ್ತದೆ. ತಂಬೂರಿಯ ಝೇಂಕಾರದಲ್ಲಿ ನೀರು ಗುಳುಗುಳಿಸಿದಂತಹ ವಿಕಾರ ಸೇರುತ್ತದೆ. 128 ಕಿಲೋಬಿಟ್ಟಿನ ಕಡತವನ್ನು 320ಕ್ಕೆ ಏರಿಸುವುದೂ ಈ ದೋಷಕ್ಕೆ ಒಳಪಟ್ಟದ್ದೇ.

ನಾಲ್ಕನೆಯದು: ಸಲೋಪದಿಂದ ಅಲೋಪಕ್ಕೆ ಮಾಡುವ ರೂಪಾಂತರವು ನಿಷ್ಫಲ. ಹೋದುದು ಬರುವುದಿಲ್ಲ, ಗಾತ್ರ ಮಾತ್ರ ಉಬ್ಬುತ್ತದೆ. ನಿಷ್ಫಲವಷ್ಟೇ ಅಲ್ಲ, ಅಪಾಯಕರವೂ ಹೌದು. ಫ್ಲ್ಯಾಕ್ ಎಂಬ ಹೆಸರನ್ನು ಕಂಡ ಮುಂದಿನವರು ಅದನ್ನೇ ಮೂಲಪ್ರತಿಯೆಂದು ನಂಬುವರು; ಹಾಗೆ ನಂಬಿ ನಿಜವಾದ ಮೂಲವನ್ನು ತ್ಯಜಿಸಲೂಬಹುದು.

5. ಸ್ವಾನುಭವದ ಒಂದು ನಿದರ್ಶನ

ಈ ಸೂತ್ರಗಳನ್ನು ಅರಿಯದೆ ನಾವು ತೆತ್ತ ಬೆಲೆಯನ್ನು ಇಲ್ಲಿ ನಿವೇದಿಸಬೇಕಾಗಿದೆ.

ನನಗೆ ವ್ಯಾಕರಣವನ್ನು ಕಲಿಸಿದ ಗುರುಗಳು ಶ್ರಾವಣಮಾಸದ ಸಂಜೆಗಳಲ್ಲಿ ಮಠದ ಜಗುಲಿಯ ಮೇಲೆ ಕುಳಿತು ವಚನಗಳನ್ನು ಹಾಡಿ ಅರ್ಥ ಹೇಳುತ್ತಿದ್ದರು. ಅವರ ಕಂಠವು ಮಧುರವೆನ್ನುವುದಕ್ಕಿಂತ ಶುದ್ಧವೆಂದರೆ ಸರಿಯಾದೀತು. ತಾಲವ್ಯವಾದ ಶಕಾರ, ಮೂರ್ಧನ್ಯವಾದ ಷಕಾರ, ದಂತ್ಯವಾದ ಸಕಾರ ಇವು ಅವರ ಬಾಯಿಂದ ಒಂದನ್ನೊಂದು ಮುಟ್ಟದೆ ಹೊರಬರುತ್ತಿದ್ದುವು. ಬಾಲಕರಾದ ನಾವು ಸ್ಥಾನಪ್ರಯತ್ನಗಳನ್ನು ಪುಸ್ತಕದಿಂದ ಕಲಿಯುವ ಮೊದಲೇ ಅವರ ಬಾಯನ್ನು ನೋಡಿ ಕಲಿತಿದ್ದೆವು. ಭಕ್ತರೊಬ್ಬರು 1984ರಿಂದ ಮೂರು ನಾಲ್ಕು ಶ್ರಾವಣಗಳ ಕಾಲ ಈ ಕಾರ್ಯಕ್ರಮವನ್ನು ತಮ್ಮ ಯಂತ್ರದಲ್ಲಿ ಮುದ್ರಿಸಿಕೊಂಡರು. ಒಂದೊಂದು ಗಂಟೆಯ 40 ಕ್ಯಾಸೆಟ್ಟುಗಳಾದುವು. ಕೆಲವು ವರ್ಷಗಳಲ್ಲಿ ಗುರುಗಳು ಲಿಂಗೈಕ್ಯರಾದರು.

2004ರಲ್ಲಿ ಈ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸಬೇಕೆಂದು ನಿಶ್ಚಯವಾಯಿತು. ಪಟ್ಟಣದ ಅಂಗಡಿಗೆ ಅವನ್ನು ಒಯ್ದವನು ನಾನೇ. ಸಿ.ಡಿ.ಯ ಸಹಜ ಕ್ರಮದಲ್ಲಿ ಇಳಿಸಿದರೆ ಮೂವತ್ತು ತಟ್ಟೆಗಳಾದರೂ ಬೇಕಾಗುವುದೆಂದು ಅಂಗಡಿಯವರು ಹೇಳಿದರು. ಖರ್ಚಿಗೆ ಅಂಜಿ, ಎಲ್ಲವೂ ಒಂದೇ ತಟ್ಟೆಯಲ್ಲಿ ಬರುವಂತೆ ಮಾಡಿರೆಂದು ಹಠ ಹಿಡಿದವನೂ ನಾನೇ. ಅವರು ಹಾಗೆಯೇ ಮಾಡಿಕೊಟ್ಟರು. ಸೆಕೆಂಡಿಗೆ 11,025 ಮಾದರಿಗಳ, 32 ಕಿಲೋಬಿಟ್ಟಿನ ಎಂಪಿ3 ಕಡತಗಳು, ಗಂಟೆಗೆ 14.4 ಮೆಗಾಬೈಟಿನಂತೆ 40 ಗಂಟೆಗೆ 576 ಮೆಗಾಬೈಟು. 700 ಮೆಗಾಬೈಟಿನ ತಟ್ಟೆಯಲ್ಲಿ ಇನ್ನೂ ಸ್ಥಳ ಉಳಿದಿತ್ತು. ನಲವತ್ತು ಕ್ಯಾಸೆಟ್ಟು ಒಂದೇ ಅಂಗೈಯಲ್ಲಿ ಅಡಗಿತೆಂದು ಎಲ್ಲರಿಗೂ ತೋರಿಸಿ ಸಂತೋಷಪಟ್ಟೆನು. ಇನ್ನು ಕ್ಯಾಸೆಟ್ಟುಗಳ ಅಗತ್ಯವೇನೆಂದು ಅವುಗಳ ಮೇಲೆ ಬೇರೆ ಕಾರ್ಯಕ್ರಮಗಳನ್ನು ಮುದ್ರಿಸಿಕೊಂಡೆವು. ಉಳಿದುವು ಸುಣ್ಣಬಣ್ಣದ ಕಾಲದಲ್ಲಿ ಹೊರಬಿದ್ದುವು.

ಬಹು ವರ್ಷಗಳ ತರುವಾಯ ಒಂಬತ್ತನೆಯ ತರಗತಿಯಲ್ಲಿ ವರ್ಣಗಳ ಉಚ್ಚಾರವನ್ನು ಬೋಧಿಸುವಾಗ, ಶುದ್ಧವಾದ ಉಚ್ಚಾರವೆಂದರೆ ಹೇಗಿರಬೇಕೆಂದು ತೋರಿಸಲು ಆ ಧ್ವನಿಯನ್ನು ಕೇಳಿಸಿದೆನು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಗುರುಗಳೇ, ಮೂರೂ ಒಂದೇ ರೀತಿ ಕೇಳುತ್ತವಲ್ಲ?" ಎಂದಳು. ನಾನು ಮತ್ತೊಮ್ಮೆ ಕೇಳಿದೆನು. ಅವಳ ಮಾತು ಸತ್ಯವಾಗಿತ್ತು. ಇಷ್ಟು ವರ್ಷ ನಾನು ಕೇಳುತ್ತಿದ್ದುದು ತಟ್ಟೆಯಲ್ಲಿದ್ದ ಶಬ್ದವನ್ನಲ್ಲ, ನನ್ನ ನೆನಪಿನಲ್ಲಿದ್ದ ಶಬ್ದವನ್ನು. ಆ ನೆನಪಿಲ್ಲದ ಮಗುವಿಗೆ ನಮ್ಮ ಗುರುಗಳ ವಿದ್ಯೆಯ ಸಾರವೇ ತಲಪಿರಲಿಲ್ಲ.

ಕಡತಗಳನ್ನು ದೊಡ್ಡದು ಮಾಡಿದರೆ ಸರಿಹೋದೀತೆಂದು ಸಿ.ಡಿ.ಯ ಪ್ರಮಾಣದ ವೇವ್ ರೂಪಕ್ಕೆ ಮಾರ್ಪಡಿಸಿದೆನು. ಗಾತ್ರವು ನಲವತ್ತನಾಲ್ಕು ಪಟ್ಟು ಬೆಳೆಯಿತು, ಸಕಾರವು ಬರಲಿಲ್ಲ. ಅದು ಬರುವ ಹಾದಿಯೇ ಇಲ್ಲವೆಂಬುದನ್ನು ಆಗ ತಿಳಿದವರಿಂದ ಕೇಳಿ ಕಲಿತೆನು.

ಈ ವಿಷಯವನ್ನು ಹಳೆಯ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಹೇಳಿಕೊಂಡಾಗ, ಒಬ್ಬರು ಮರುವಾರ ಎರಡು ಕ್ಯಾಸೆಟ್ಟುಗಳನ್ನು ತಂದುಕೊಟ್ಟರು. 2004ರಲ್ಲಿ ತಾಯಿಗೆ ಕೇಳಿಸಲೆಂದು ಒಯ್ದು ಹಿಂದಿರುಗಿಸಲು ಮರೆತವು. ಆ ಮರೆವಿಗೆ ನಾವು ಋಣಿಗಳು. ಯಂತ್ರದ ತಲೆಯನ್ನು ಶುದ್ಧಮಾಡಿ, ಸೆಕೆಂಡಿಗೆ 48,000 ಮಾದರಿ, 24 ಬಿಟ್‌ಗಳ ಕ್ರಮದಲ್ಲಿ ಅವನ್ನು ಇಳಿಸಲಾಯಿತು. ಕ್ಯಾಸೆಟ್ಟಿನ ಸಹಜವಾದ ಸರಸರ ಸದ್ದು ಇತ್ತು. ಅದರ ಹಿಂದೆ ತಂಬೂರಿ, ಮಳೆಯ ಸಪ್ಪಳ, ಹಾಡಲು ತೊಡಗುವ ಮೊದಲು ಗುರುಗಳು ಎಳೆದುಕೊಂಡ ಉಸಿರು. ಆಮೇಲೆ 'ಶರಣ' ಎಂಬ ಶಬ್ದದ ಶಕಾರ, 'ಸತ್ಯ'ದ ಸಕಾರ, 'ಭಾಷೆ'ಯ ಷಕಾರ, ಒಂದನ್ನೊಂದು ಮುಟ್ಟದೆ. ಅದೇ ತರಗತಿಗೆ ಅದನ್ನು ಕೇಳಿಸಿದೆನು. ಈ ಬಾರಿ ನಾನು ವಿವರಿಸಬೇಕಾದುದು ಏನೂ ಇರಲಿಲ್ಲ. ಉಳಿದ 38 ಗಂಟೆಗಳು ಈಗಲೂ ಆ ಕ್ಷೀಣರೂಪದಲ್ಲಿಯೇ ಇವೆ.

6. ಸಂಗ್ರಹಕಾರರು ಪಾಲಿಸಬೇಕಾದ ಕ್ರಮ

ಮೇಲಿನ ಅನುಭವದಿಂದಲೂ ತಜ್ಞರ ಉಪದೇಶದಿಂದಲೂ ನಿಶ್ಚಯವಾದ ಕ್ರಮವನ್ನು ಸಂಗ್ರಹವಾಗಿ ಇಲ್ಲಿ ಕೊಡಲಾಗಿದೆ.

(ಅ) ಮೂಲಪ್ರತಿಯನ್ನು ಗುರುತಿಸುವುದು. ಇರುವುದರಲ್ಲಿ ಅತ್ಯಂತ ಹಿಂದಿನ ತಲೆಮಾರಿನದು ಯಾವುದೆಂದು ಮೊದಲು ವಿಚಾರಿಸಬೇಕು. ಕ್ಯಾಸೆಟ್ಟು, ಸಿ.ಡಿ., ಎಂಪಿ3 ಮೂರೂ ಇದ್ದರೆ ಕ್ಯಾಸೆಟ್ಟೇ ಮಾತೃಪ್ರತಿ. ಎಂಪಿ3 ಒಂದೇ ಉಳಿದಿದ್ದರೆ ಅದೇ ಮೂಲ. ಅದನ್ನು ಬೇರೆ ರೂಪಕ್ಕೆ ಮಾರ್ಪಡಿಸದೆ ಹಾಗೆಯೇ ಕಾಪಾಡಬೇಕು.

(ಆ) ಇಳಿಸುವ ಪ್ರಮಾಣ. ಧ್ವನಿ ಮತ್ತು ದೃಶ್ಯಶ್ರವ್ಯ ಪತ್ರಾಗಾರಗಳ ಅಂತರರಾಷ್ಟ್ರೀಯ ಸಂಘವು 2009ರ ತನ್ನ ಮಾರ್ಗದರ್ಶಿಯಲ್ಲಿ, ಹಳೆಯ ಮುದ್ರಣಗಳನ್ನು ಸೆಕೆಂಡಿಗೆ 48,000 ಮಾದರಿಗಳಿಗೂ 24 ಬಿಟ್‌ಗಳಿಗೂ ಕಡಮೆಯಿಲ್ಲದಂತೆ ಇಳಿಸಬೇಕೆಂದು ಸೂಚಿಸಿದೆ. ಸಿ.ಡಿ.ಯಲ್ಲಿರುವುದನ್ನು ಮಾತ್ರ ಅದರ 44,100 ಮತ್ತು 16 ಬಿಟ್‌ಗಳಲ್ಲಿಯೇ ಇಳಿಸಿಕೊಳ್ಳಬೇಕು, ಏರಿಸುವುದರಿಂದ ಲಾಭವಿಲ್ಲ.

(ಇ) ಇಡುವ ರೂಪ. ಮೂಲವನ್ನು ಫ್ಲ್ಯಾಕ್ ಅಥವಾ ವೇವ್ ರೂಪದಲ್ಲಿಡಬೇಕು. ನಮ್ಮಂಥ ಸಣ್ಣ ಸಂಗ್ರಹಗಳಿಗೆ ಫ್ಲ್ಯಾಕ್ ಹೆಚ್ಚು ಅನುಕೂಲ. ಸ್ಥಳವೂ ಉಳಿಯುತ್ತದೆ, ಹೆಸರು ವಿವರಗಳೂ ಕಡತದೊಳಗೇ ಸೇರುತ್ತವೆ. ಸದ್ದುಗಳನ್ನು ಶೋಧಿಸಿ ತೆಗೆಯುವ ಕೆಲಸವನ್ನು ಮೂಲದ ಮೇಲೆ ಮಾಡಬಾರದು. ಹಸ್ತಪ್ರತಿಯ ಮೇಲೆಯೇ ಮಸಿಯಿಂದ ತಿದ್ದುವ ಸಂಪಾದಕನನ್ನು ಯಾರೂ ಮೆಚ್ಚರು. ತಿದ್ದುಪಡಿಗೆ ಬೇರೊಂದು ಪ್ರತಿಯನ್ನು ಮಾಡಿಕೊಳ್ಳಬೇಕು.

(ಈ) ಕೇಳುವ ಪ್ರತಿ. ಮೂಲದಿಂದ, ಯಾವಾಗಲೂ ಮೂಲದಿಂದಲೇ, ಕೇಳುವ ಪ್ರತಿಯನ್ನು ತಯಾರಿಸಬೇಕು. ಹಳೆಯ ಯಂತ್ರಗಳಿಗೂ ವಾಹನಗಳಿಗೂ 192 ಅಥವಾ 256 ಕಿಲೋಬಿಟ್ಟಿನ ಎಂಪಿ3 ಹೊಂದುತ್ತದೆ. ಓಪಸ್ ಇದಕ್ಕಿಂತ ಕಡಮೆ ಗಾತ್ರದಲ್ಲಿ ಅಷ್ಟೇ ಗುಣವನ್ನು ಕೊಡುವುದಾದರೂ ಹಳೆಯ ಯಂತ್ರಗಳು ಅದನ್ನು ಓದಲಾರವು. ನಾಳೆ ಬೇರೆ ನಮೂನೆ ಬಂದರೆ ಈ ಪ್ರತಿಯನ್ನು ಬಿಸಾಡಿ ಮೂಲದಿಂದ ಹೊಸದನ್ನು ಮಾಡಿಕೊಂಡರಾಯಿತು. ರೂಪಾಂತರಕ್ಕೆ ಆಡಾಸಿಟಿ, ಎಫ್.ಎಫ್.ಎಂಪೆಗ್ ಮೊದಲಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಎರಡನೆಯದರಿಂದ ನೂರಾರು ಕಡತಗಳನ್ನು ಒಂದೇ ಆಜ್ಞೆಯಿಂದ ಮಾರ್ಪಡಿಸಬಹುದು. ಹಾಗೆ ಮಾಡುವ ಮೊದಲು ಒಂದೆರಡನ್ನು ಪರೀಕ್ಷಿಸಿ ನೋಡುವುದು ವಿವೇಕ.

(ಉ) ಹೆಸರು ಮತ್ತು ವಿವರ. ಹಾಡಿದವರು, ಸ್ಥಳ, ಕಾಲ, ಯಾವ ಕ್ಯಾಸೆಟ್ಟಿನ ಯಾವ ಮುಖ, ಎಷ್ಟನೆಯ ತಲೆಮಾರಿನ ಪ್ರತಿ ಎಂಬುದನ್ನು ಕಡತದೊಳಗೆ ಬರೆಯಬೇಕು. ಇದು ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಪುಷ್ಪಿಕೆಗೆ ಸಮಾನ. ಹಿಂದೆ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಸಂಕೇತಗಳ ಮೇಲೆ ಹೊದಿಸಿದ ಅಕ್ಷರಶೈಲಿಗಳಲ್ಲಿ ಬರೆದ ವಿವರಗಳು ಇಂದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದಕಾರಣ ಯೂನಿಕೋಡಿನಲ್ಲಿಯೇ ಬರೆಯಬೇಕು. ಎಂಪಿ3 ಕಡತಗಳಿಗಾಗಿ 1996ರಲ್ಲಿ ಬಂದ ಮೊದಲ ವಿವರಪಟ್ಟಿಯಲ್ಲಿ ಹೆಸರಿಗೆ 30 ಬೈಟುಗಳ ಸ್ಥಳವಷ್ಟೇ ಇದೆ. ಯೂನಿಕೋಡಿನ ಪ್ರಚಲಿತ ಬರೆವಣಿಗೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕಾದುದರಿಂದ ಹತ್ತು ಸಂಕೇತಗಳಿಗೆ ಹೆಸರು ತುಂಡಾಗುತ್ತದೆ. ಒತ್ತಕ್ಷರ, ಗುಣಿತಚಿಹ್ನೆಗಳೂ ಬೇರೆ ಬೇರೆ ಸಂಕೇತಗಳೇ ಎಂಬುದನ್ನು ನೆನೆದರೆ ಒಂದು ದೀರ್ಘನಾಮವೂ ಅದರಲ್ಲಿ ಹಿಡಿಸದೆಂಬುದು ಸ್ಪಷ್ಟ. ಎರಡನೆಯ ಆವೃತ್ತಿಯ ಪಟ್ಟಿಯಲ್ಲಿಯೂ ಫ್ಲ್ಯಾಕಿನಲ್ಲಿಯೂ ಈ ಬಾಧೆಯಿಲ್ಲ.

(ಊ) ಪರಿಶೀಲನೆ. ಪೂರ್ವಕಾಲದ ಪ್ರತಿಗಳಲ್ಲಿ ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥದಂತೆ ಎಣಿಸಿ ಗ್ರಂಥಸಂಖ್ಯೆಯನ್ನು ಬರೆಯುವ ವಾಡಿಕೆಯಿತ್ತು. ಪಾಠವು ಬಿಟ್ಟುಹೋಗಿದ್ದರೆ ಲೆಕ್ಕ ತಪ್ಪುತ್ತಿತ್ತು. ಫ್ಲ್ಯಾಕ್ ಕಡತವೂ ಮೂಲಸಂಖ್ಯೆಗಳೆಲ್ಲದರಿಂದ ಗಣಿಸಿದ ಒಂದು ಪರೀಕ್ಷಾಂಕವನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲುದು. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಕಡತವು ಕೆಟ್ಟಿದೆಯೇ ಎಂಬುದು ತಿಳಿದುಬರುತ್ತದೆ.

(ಋ) ಪ್ರತಿಗಳ ಸಂಖ್ಯೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಬೇರೆ ಊರಿನಲ್ಲಿ ಎಂಬುದು ಎಲ್ಲೆಡೆ ಮಾನ್ಯವಾದ ನಿಯಮ. ಒಂದೇ ತಟ್ಟೆಯಲ್ಲಿ ಎಲ್ಲವನ್ನೂ ತುಂಬಿ ಹಿಗ್ಗಿದವನು ನಾನಾದುದರಿಂದ ಇದನ್ನು ಒತ್ತಿ ಹೇಳುತ್ತೇನೆ.

(ೠ) ಕ್ಯಾಸೆಟ್ಟನ್ನು ತ್ಯಜಿಸದಿರುವುದು. ಗಣಕಕ್ಕೆ ಇಳಿಸಿದ ಮೇಲೆಯೂ ಮೂಲವಸ್ತುವನ್ನು ಒಣಗಿದ, ತಂಪಾದ ಸ್ಥಳದಲ್ಲಿ, ಅಯಸ್ಕಾಂತದಿಂದ ದೂರವಾಗಿ ಕಾಪಾಡಬೇಕು.

7. ಉಪಸಂಹಾರ

ವೆಚ್ಚದ ವಿಷಯದಲ್ಲಿ ಒಂದು ಮಾತು. ಮೇಲೆ ಹೇಳಿದ ಉತ್ತಮ ಪ್ರಮಾಣದಲ್ಲಿ, ಎರಡು ವಾಹಿನಿಗಳ ಒಂದು ಗಂಟೆಗೆ ಸುಮಾರು 1,037 ಮೆಗಾಬೈಟುಗಳಾಗುತ್ತವೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ, ಏನನ್ನೂ ಕುಗ್ಗಿಸದೆಯೇ, 900 ಗಂಟೆಗೂ ಮಿಗಿಲಾದ ಧ್ವನಿ ಹಿಡಿಸುತ್ತದೆ. 2004ರಲ್ಲಿ ಸ್ಥಳಕ್ಕಾಗಿ ಧ್ವನಿಯನ್ನು ಬಲಿಕೊಡುವುದಕ್ಕೆ ಒಂದು ನೆಪವಾದರೂ ಇತ್ತು. ಇಂದು ಅದೂ ಇಲ್ಲ. ಇಂದು ವಿರಳವಾಗಿರುವುದು ಸುಸ್ಥಿತಿಯಲ್ಲಿರುವ ಕ್ಯಾಸೆಟ್ ಯಂತ್ರ, ಅದನ್ನು ದುರಸ್ತಿ ಮಾಡಬಲ್ಲ ಕೈ, ಮತ್ತು ಕೂತು ಕೇಳುವ ವ್ಯವಧಾನ. ನಲವತ್ತು ಗಂಟೆಯ ಮುದ್ರಣವನ್ನು ಇಳಿಸಲು ನಲವತ್ತು ಗಂಟೆಯೇ ಬೇಕು, ಅದಕ್ಕೆ ಒಳದಾರಿಯಿಲ್ಲ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ಅರಿಕೆ ಇಷ್ಟೇ. ತಮ್ಮ ಮನೆಯ ಅಟ್ಟದಲ್ಲಿ, ತಂದೆತಾಯಿಗಳ ಪೆಟ್ಟಿಗೆಯಲ್ಲಿ ಮಠದ ಅಥವಾ ಶಾಲೆಯ ಯಾವುದೇ ಹಳೆಯ ಕ್ಯಾಸೆಟ್ಟು ಇದ್ದರೆ ಅದನ್ನು ನುಡಿಸಿ ನೋಡುವ ಆತುರವನ್ನು ಮಾಡದೆ, ಎಸೆಯದೆ, ನಮಗೆ ತಿಳಿಸಬೇಕು. ಹಿಂದಿರುಗಿಸಲು ಮರೆತುದಾಗಿದ್ದರೂ ಸಂಕೋಚ ಬೇಡ. ಶಿಕ್ಷಕ ಬಂಧುಗಳು ತಮ್ಮ ಗಣಕದಲ್ಲಿರುವ ಕಡತಗಳನ್ನು ಹೊಸ ರೂಪಕ್ಕೆ ಮಾರ್ಪಡಿಸುವ ಮೊದಲು, ಇದು ಮೂಲವೋ ಸಾರವೋ ಎಂದು ಒಮ್ಮೆ ವಿಚಾರಿಸಬೇಕು. ಧನಸಹಾಯ ಮಾಡುವವರು ಒಂದು ಒಳ್ಳೆಯ ಕ್ಯಾಸೆಟ್ ಯಂತ್ರವನ್ನು ಕೊಡಿಸಿದರೆ ಅದು ಕಟ್ಟಡವೊಂದಕ್ಕಿಂತ ಕಡಮೆಯ ದಾನವಲ್ಲ.

ಗುರುಗಳ ಆ 38 ಗಂಟೆಗಳ ಕಡತಗಳನ್ನು ನಾನು ಬದಲಿಸಿಲ್ಲ. ಅವು ಇದ್ದಂತೆಯೇ ಇವೆ. ಪ್ರತಿಯೊಂದರ ವಿವರದಲ್ಲಿಯೂ 'ಸಲೋಪ ಪ್ರತಿ, ಮೂಲ ಲಭ್ಯವಿಲ್ಲ' ಎಂದು ಬರೆದಿಟ್ಟಿದ್ದೇನೆ. ಅವುಗಳಲ್ಲಿ ಒಂದರ ವಿವರದಿಂದಲಾದರೂ ಆ ಕೊನೆಯ ಎರಡು ಪದಗಳನ್ನು ಅಳಿಸುವ ಭಾಗ್ಯವು ವಾಚಕರ ಕೃಪೆಯಿಂದ ಒದಗಲೆಂದು ಆಶಿಸಿ, ಈ ಲೇಖನವನ್ನು ಮುಗಿಸುತ್ತೇನೆ.